ಗಣಿಧಣಿ ಕೊಟ್ಟಿದ್ದೆಷ್ಟು, ಹೋಗಿದ್ದೆಷ್ಟು?

ವೀಕ್ಷಕರೇ, 'ಧಣಿ' ಅನ್ನೋದು ನಮ್ಮ ಹಳೇ ಪದ. ಕೂಲಿ ಕೊಡೋನು ಧಣಿ. ಮಗಳ ಮದುವೆಗೆ ಕೈಸಾಲ ಕೊಡೋನು ಧಣಿ. ಆಸ್ಪತ್ರೆ ಖರ್ಚಿಗೆ ರಾತ್ರಿ ಹೊತ್ತು ಬಾಗಿಲು ತಟ್ಟಿದರೆ ಎದ್ದು ಬರೋನು ಧಣಿ. ಆ ಪದದಲ್ಲಿ ಭಯವೂ ಇತ್ತು, ಋಣವೂ ಇತ್ತು. ಈ ಶತಮಾನದ ಮೊದಲ ದಶಕದಲ್ಲಿ ಕನ್ನಡ ಪತ್ರಿಕೆಗಳು, ಚಾನೆಲ್‌ಗಳು ಅದರ ಮುಂದೆ ಇನ್ನೊಂದು ಪದ ಸೇರಿಸಿದವು. ಗಣಿಧಣಿ. ಆಮೇಲೆ ಕರ್ನಾಟಕದಲ್ಲಿ ಆ ಪದ ಕೇಳಿದ ತಕ್ಷಣ ಎಲ್ಲರ ಕಣ್ಣ ಮುಂದೆ ಬರೋದು ಒಂದೇ ಊರು, ಒಂದೇ ಮನೆತನ. ಊರು ಬಳ್ಳಾರಿ. ಮನೆತನ ಗಾಲಿ ರೆಡ್ಡಿ ಸೋದರರದ್ದು. ಆ ಮನೆತನದ ನಡುವೆ ನಿಂತವರು ಗಾಲಿ ಜನಾರ್ದನ ರೆಡ್ಡಿ.

ಆವರಗೆರೆ, ದಾವಣಗೆರೆ, ಹರಿಹರದ ಕಡೆಯ ನಮ್ಮ ವೀಕ್ಷಕರು ಕೇಳಬಹುದು: ಬಳ್ಳಾರಿ ಕಥೆ ನಮಗ್ಯಾಕೆ ಸ್ವಾಮಿ? ಯಾಕೆ ಅಂದ್ರೆ ಈ ಕಥೆ ನಿಮ್ಮ ಜಿಲ್ಲೆಯೊಳಗೂ ಬಂದು ಹೋಗಿದೆ. ಹರಪನಹಳ್ಳಿ ತಾಲೂಕು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಇವತ್ತು ವಿಜಯನಗರ ಜಿಲ್ಲೆಗೆ ಸೇರಿದ್ದರೂ ಲೋಕಸಭೆಗೆ ಅದು ದಾವಣಗೆರೆ ಕ್ಷೇತ್ರವೇ. 2008ರಲ್ಲಿ ಆ ಹರಪನಹಳ್ಳಿಯಿಂದ ಗೆದ್ದು ರಾಜ್ಯದ ಕಂದಾಯ ಸಚಿವರಾದವರು ಇದೇ ಮನೆಯ ಹಿರಿಯಣ್ಣ ಕರುಣಾಕರ ರೆಡ್ಡಿ. ಅದಕ್ಕೇ ಈ ಇತಿಹಾಸವನ್ನು ಪಕ್ಕದ ಮನೆಯ ಜಗಳ ಅಂತ ನೋಡೋ ಹಾಗಿಲ್ಲ.

ಇವತ್ತು ನಾನು ಕೇಳೋದು ಒಂದೇ ಪ್ರಶ್ನೆ. ಇಷ್ಟು ದೊಡ್ಡ ಆರೋಪ ಹೊತ್ತ ಮನೆತನಕ್ಕೆ ಜನ ಮತ್ತೆ ಮತ್ತೆ ಹೂವಿನ ಹಾರ ಹಾಕಿದ್ದು ಯಾಕೆ? 'ಜನ ದಡ್ಡರು' ಅನ್ನೋದು ಸುಲಭದ ಉತ್ತರ, ಸುಳ್ಳು ಉತ್ತರವೂ ಹೌದು. ಜನ ಲೆಕ್ಕ ಹಾಕ್ತಾರೆ. ಆದರೆ ಅವರ ಕೈಗೆ ಲೆಕ್ಕದ ಅರ್ಧ ಹಾಳೆ ಮಾತ್ರ ಸಿಗುತ್ತೆ. ಇನ್ನರ್ಧ ಎಲ್ಲಿತ್ತು, ಅದನ್ನು ಯಾರು ಬರೆದರು ಅನ್ನೋದೇ ಇವತ್ತಿನ ಕಥೆ.

ಮೊದಲಿಂದ ಬರೋಣ. ಜನಾರ್ದನ ರೆಡ್ಡಿ ಹುಟ್ಟಿದ್ದು 1967ರಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೇಬಲ್. ಮೂಲ ಆಂಧ್ರದ ಚಿತ್ತೂರು ಜಿಲ್ಲೆ, ಬದುಕು ಕಟ್ಟಿಕೊಂಡಿದ್ದು ಬಳ್ಳಾರಿಯಲ್ಲಿ. ಗಣಿಗಿಂತ ಮೊದಲು ಎನೋಬಲ್ ಇಂಡಿಯಾ ಅನ್ನೋ ಹಣಕಾಸು ಸಂಸ್ಥೆ ನಡೆಸಿದರು, ಅದು ಮುಚ್ಚಿಹೋಯ್ತು. 1999ರಲ್ಲಿ ಬಳ್ಳಾರಿಗೆ ದೇಶದ ಕಣ್ಣು ಬಿತ್ತು. ಸೋನಿಯಾ ಗಾಂಧಿ ಇಲ್ಲಿಂದ ಲೋಕಸಭೆಗೆ ನಿಂತರು, ಎದುರಿಗೆ ಸುಷ್ಮಾ ಸ್ವರಾಜ್ ಬಂದರು. ಸುಷ್ಮಾ ಸೋತರು, ಆದರೆ ರೆಡ್ಡಿ ಸೋದರರಿಗೆ ಮತ್ತು ಅವರ ಜೊತೆಗಾರ ಬಿ. ಶ್ರೀರಾಮುಲು ಅವರಿಗೆ ದೆಹಲಿಯ ಪರಿಚಯ ಸಿಕ್ಕಿತು. ಐದೇ ವರ್ಷದಲ್ಲಿ, 2004ರಲ್ಲಿ, ಕರುಣಾಕರ ರೆಡ್ಡಿ ಅದೇ ಬಳ್ಳಾರಿಯ ಸಂಸದ. ಕಾಂಗ್ರೆಸ್‌ನ ಭದ್ರಕೋಟೆ ಉರುಳಿತ್ತು.

ಈ ಐದು ವರ್ಷದಲ್ಲಿ ಇನ್ನೊಂದು ಆಯ್ತು. ಅದು ಆಗಿದ್ದು ಬಳ್ಳಾರಿಯಲ್ಲಲ್ಲ, ಚೀನಾದಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಸ್ಟೇಡಿಯಂ, ರಸ್ತೆ, ಸೇತುವೆ ಕಟ್ಟಬೇಕಿತ್ತು. ಅದಕ್ಕೆ ಉಕ್ಕು, ಉಕ್ಕಿಗೆ ಅದಿರು. ಸಂಡೂರು, ಹೊಸಪೇಟೆ, ಬಳ್ಳಾರಿಯ ಕೆಂಪು ಗುಡ್ಡಗಳಿಗೆ ರಾತ್ರೋರಾತ್ರಿ ಬಂಗಾರದ ಬೆಲೆ ಬಂತು. ಟನ್ನಿಗೆ ಸಾವಿರಾರು ರೂಪಾಯಿ. ಅದೇ ಹೊತ್ತಿಗೆ ಸರ್ಕಾರಕ್ಕೆ ಬರುತ್ತಿದ್ದ ರಾಯಧನ ಎಷ್ಟು ಗೊತ್ತಾ? ಅದಿರಿನ ಗುಣಮಟ್ಟ ನೋಡಿಕೊಂಡು ಟನ್ನಿಗೆ ಹೆಚ್ಚುಕಮ್ಮಿ 16 ರೂಪಾಯಿಯಿಂದ 27 ರೂಪಾಯಿ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮಷೀನ್ ಮಾಡಿದ ಕೈಗಳಿಗೆ ಕಬ್ಬಿಣದ ಬೆಲೆ ಏನು ಅಂತ ಚೆನ್ನಾಗಿ ಗೊತ್ತು. ಅದರ ತಾಯಿ ಅದಿರು. ಒಂದು ಟನ್ ಅದಿರಿಗೆ ಸರ್ಕಾರ ತಗೊಳ್ತಿದ್ದಿದ್ದು ಎರಡು ಮೂರು ಕಪ್ ಚಹಾದ ದುಡ್ಡು! ಮಾರಾಟದ ಬೆಲೆಯ ಮೇಲೆ ಶೇಕಡಾ 10ರಂತೆ ರಾಯಧನ ಅನ್ನೋ ನಿಯಮ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಒಲಿಂಪಿಕ್ಸ್ ಮುಗಿದು ವರ್ಷ ಆಗಿತ್ತು.

ನೆನಪಿಡಿ, ಅಕ್ರಮಕ್ಕೆ ಮೊದಲು ಸಕ್ರಮದಲ್ಲೇ ಇಷ್ಟು ದೊಡ್ಡ ತೂತಿತ್ತು. ಆ ತೂತಿನೊಳಗೆ ಕೈ ಹಾಕಿದವರು ಒಂದು ಪಕ್ಷದವರಲ್ಲ, ಒಂದು ಮನೆಯವರಲ್ಲ. ಆದರೆ ದುಡ್ಡನ್ನು ಅಧಿಕಾರವಾಗಿ, ಅಧಿಕಾರವನ್ನು ಮತ್ತೆ ದುಡ್ಡಾಗಿ ಬದಲಿಸೋ ವಿದ್ಯೆ ಬಳ್ಳಾರಿಯಲ್ಲಿ ಯಾವ ಮಟ್ಟಕ್ಕೆ ಹೋಯ್ತೋ ಅದನ್ನು ಕರ್ನಾಟಕ ಅದಕ್ಕೆ ಮೊದಲು ನೋಡಿರಲಿಲ್ಲ.

2008ರ ವಿಧಾನಸಭಾ ಚುನಾವಣೆ. ಬಿಜೆಪಿಗೆ 224ರಲ್ಲಿ 110 ಸೀಟು. ಸರಳ ಬಹುಮತಕ್ಕೆ ಮೂರು ಕಮ್ಮಿ. ಪಕ್ಷೇತರರನ್ನು ಒಟ್ಟುಮಾಡಿ ಸರ್ಕಾರ ರಚಿಸುವ ಕೆಲಸದಲ್ಲಿ ಬಳ್ಳಾರಿ ಮುಂದೆ ನಿಂತಿತು. ಆಮೇಲೆ ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ಉಪಚುನಾವಣೆಯಲ್ಲಿ ಗೆಲ್ಲಿಸೋ 'ಆಪರೇಷನ್ ಕಮಲ' ಶುರುವಾಯ್ತು. ಫಲ ಏನು? ಕರುಣಾಕರ ರೆಡ್ಡಿ ಕಂದಾಯ ಸಚಿವ. ಜನಾರ್ದನ ರೆಡ್ಡಿ ಪ್ರವಾಸೋದ್ಯಮ ಮತ್ತು ಮೂಲಸೌಕರ್ಯ ಸಚಿವ. ಶ್ರೀರಾಮುಲು ಆರೋಗ್ಯ ಸಚಿವ. ಇನ್ನೊಬ್ಬ ಸೋದರ ಸೋಮಶೇಖರ ರೆಡ್ಡಿ ಬಳ್ಳಾರಿ ನಗರದ ಶಾಸಕ, ಮುಂದೆ ಹಾಲು ಮಹಾಮಂಡಳದ ಅಧ್ಯಕ್ಷ. ಒಂದೇ ಊರು, ಒಂದೇ ಬಳಗ, ಮೂರು ಖಾತೆ.

2009ರ ಅಕ್ಟೋಬರ್ ಕೊನೆಯಲ್ಲಿ ಈ ಬಳಗ ತನ್ನ ಮುಖ್ಯಮಂತ್ರಿಯ ಮೇಲೇ ತಿರುಗಿಬಿತ್ತು. ಉತ್ತರ ಕರ್ನಾಟಕದಲ್ಲಿ ಪ್ರವಾಹ ಬಂದು ಜನ ಬೀದಿಯಲ್ಲಿದ್ದ ಕಾಲ ಅದು. ಶಾಸಕರು ಹೈದರಾಬಾದ್, ಗೋವಾ ಅಂತ ರೆಸಾರ್ಟ್ ಸೇರಿದರು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಟಿವಿ ಕ್ಯಾಮೆರಾ ಮುಂದೆ ಕಣ್ಣೀರು ಹಾಕಿದ್ದನ್ನು ನೀವೆಲ್ಲ ನೋಡಿದ್ದೀರಿ. ಕೊನೆಗೆ ಸಂಪುಟದಿಂದ ಶೋಭಾ ಕರಂದ್ಲಾಜೆ ಹೊರಗೆ ಹೋದರು, ಮುಖ್ಯಮಂತ್ರಿಯ ಆಪ್ತ ಅಧಿಕಾರಿಯ ಎತ್ತಂಗಡಿ ಆಯ್ತು, ಸರ್ಕಾರ ಉಳಿಯಿತು. 'ಬಾಸ್' ಅನ್ನೋ ಪದಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಬೇಕಾ? ಕುರ್ಚಿಯ ಮೇಲೆ ಒಬ್ಬರು ಕೂತಿರ್ತಾರೆ, ಕುರ್ಚಿಯ ಕಾಲು ಇನ್ನೊಬ್ಬರ ಕೈಯಲ್ಲಿರುತ್ತೆ. ಆ ದಿನಗಳಲ್ಲೇ 'ರಿಪಬ್ಲಿಕ್ ಆಫ್ ಬಳ್ಳಾರಿ' ಅನ್ನೋ ಮಾತು ಎಲ್ಲರ ಬಾಯಿಗೂ ಬಂತು. 2010ರ ಜುಲೈನಲ್ಲಿ ವಿಧಾನಸಭೆಯಲ್ಲಿ ತೊಡೆ ತಟ್ಟೋ ಮಾತುಗಳಾದವು. ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದೇ ಹೋದರು.

ಈಗ ಇನ್ನೊಂದು ಮುಖ ನೋಡಿ. ಬಳ್ಳಾರಿಯಲ್ಲಿ ಸಾಮೂಹಿಕ ವಿವಾಹ ನಡೆಯುತ್ತಿತ್ತು. ತಾಳಿ, ಸೀರೆ, ಪಂಚೆ, ಊಟ ಎಲ್ಲಾ ಧಣಿಗಳ ಕಡೆಯಿಂದ. ವರಮಹಾಲಕ್ಷ್ಮಿ ಹಬ್ಬಕ್ಕೆ ಸುಷ್ಮಾ ಸ್ವರಾಜ್ ಬಂದು ಪೂಜೆಗೆ ಕೂರುತ್ತಿದ್ದರು. 2009ರಲ್ಲಿ ತಿರುಪತಿ ತಿಮ್ಮಪ್ಪನಿಗೆ 40 ಕೋಟಿಗೂ ಹೆಚ್ಚು ಬೆಲೆಯ ವಜ್ರದ ಕಿರೀಟ ಹೋಯ್ತು. ಮಗಳ ಮದುವೆ ಮಾಡಲಾಗದೆ ಸಾಲಕ್ಕೆ ಅಲೆಯುತ್ತಿದ್ದ ಅಪ್ಪನಿಗೆ ಆ ಮಂಟಪ ಅನ್ನೋದು ಚಿಕ್ಕ ಸಂಗತಿ ಅಲ್ಲ ವೀಕ್ಷಕರೇ. ಅದನ್ನು ನೋಡಿ ನಗೋ ಅಧಿಕಾರ ನಮಗಿಲ್ಲ. ಅವನ ಕೈಗೆ ಸಿಕ್ಕ ಅರ್ಧ ಹಾಳೆ ಅದು. ಅದರಲ್ಲಿ ಬರೆದಿದ್ದದ್ದು: ಧಣಿ ಕೊಟ್ಟರು, ಸರ್ಕಾರ ಕೊಡಲಿಲ್ಲ.

ಇದು ಬಳ್ಳಾರಿಯ ಹೊಸ ಆವಿಷ್ಕಾರ ಅಂದ್ಕೋಬೇಡಿ. ನೂರೈವತ್ತು ವರ್ಷದ ಹಿಂದೆ ನ್ಯೂಯಾರ್ಕ್ ನಗರದಲ್ಲಿ ಇದೇ ನಾಟಕ ನಡೆದಿತ್ತು. ಅಲ್ಲಿನ ಪಾತ್ರಧಾರಿ ವಿಲಿಯಂ ಟ್ವೀಡ್. ಕುರ್ಚಿ ಮಾಡುವವನ ಮಗ. ಟ್ಯಾಮನಿ ಹಾಲ್ ಅನ್ನೋ ಪಕ್ಷದ ಸಂಘಟನೆಯ ಮುಖಂಡನಾಗಿ ಇಡೀ ನಗರವನ್ನು ಹಿಡಿತಕ್ಕೆ ತಗೊಂಡ. ಎರಡೂವರೆ ಲಕ್ಷ ಡಾಲರ್‌ನಲ್ಲಿ ಮುಗಿಯಬೇಕಿದ್ದ ನ್ಯಾಯಾಲಯದ ಕಟ್ಟಡಕ್ಕೆ 1 ಕೋಟಿ 20 ಲಕ್ಷ ಡಾಲರ್‌ಗೂ ಹೆಚ್ಚು ಬಿಲ್ ಆಯ್ತು. ಗುತ್ತಿಗೆದಾರ ಬಿಲ್ಲನ್ನು ಉಬ್ಬಿಸಿ ಕೊಡೋದು, ಉಬ್ಬಿದ ಭಾಗ ಬಳಗಕ್ಕೆ ವಾಪಸ್ ಬರೋದು. ನಮ್ಮಲ್ಲಿ 'ಪರ್ಸೆಂಟೇಜ್' ಅಂತೀವಲ್ಲ, ಅದೇ. ಇದೇ ಟ್ವೀಡ್ 1870ರ ಚಳಿಗಾಲದಲ್ಲಿ ಬಡವರ ಮನೆ ಒಲೆಗೆ ಕಲ್ಲಿದ್ದಲು ಕೊಡಿಸೋಕೆ 50 ಸಾವಿರ ಡಾಲರ್ ದಾನ ಮಾಡಿದ. ಐರ್ಲೆಂಡಿನಿಂದ ಹಸಿದು ಬಂದ ವಲಸಿಗರಿಗೆ ಅವನು ದೇವರು.

ಅವನನ್ನು ಬೀಳಿಸಿದ್ದು ಯಾವ ಭಾಷಣವೂ ಅಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಕೂತಿದ್ದ ಮ್ಯಾಥ್ಯೂ ಒ'ರೂರ್ಕ್ ಅನ್ನೋ ಗುಮಾಸ್ತ ಖಾತೆ ಪುಸ್ತಕದ ಪುಟಗಳನ್ನು ಸುಮ್ಮನೆ ನಕಲು ಮಾಡಿಕೊಂಡ. 1871ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಆ ಲೆಕ್ಕಗಳನ್ನೇ ಮುಖಪುಟದಲ್ಲಿ ಅಚ್ಚು ಹಾಕಿತು. ಥಾಮಸ್ ನಾಸ್ಟ್ ಅನ್ನೋ ವ್ಯಂಗ್ಯಚಿತ್ರಕಾರ, ಓದು ಬಾರದವನಿಗೂ ಅರ್ಥ ಆಗೋ ಹಾಗೆ ಚಿತ್ರ ಬರೆದ. ಆಮೇಲೆ ಏನಾಯ್ತು? ಅಕ್ಟೋಬರ್‌ನಲ್ಲಿ ಟ್ವೀಡ್ ಬಂಧನ, ಜಾಮೀನು. ನವೆಂಬರ್‌ನಲ್ಲಿ ಚುನಾವಣೆ. ಟ್ವೀಡ್ ಗೆದ್ದ! ಲೆಕ್ಕ ಬಯಲಾದ ನಾಲ್ಕೇ ತಿಂಗಳಿಗೆ ಅವನ ಜನ ಅವನನ್ನೇ ಮತ್ತೆ ರಾಜ್ಯ ಸೆನೆಟ್‌ಗೆ ಕಳಿಸಿದರು. ಈ ಒಂದು ಸಂಗತಿಯನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ, ಬಳ್ಳಾರಿಯಲ್ಲಿ ಮತ್ತೆ ಬೇಕಾಗುತ್ತೆ. ಟ್ವೀಡ್‌ಗೆ ಶಿಕ್ಷೆ ಆಗಿದ್ದು 1873ರಲ್ಲಿ. 1875ರಲ್ಲಿ ತಪ್ಪಿಸಿಕೊಂಡು ಸ್ಪೇನ್‌ಗೆ ಓಡಿದ, ನಾಸ್ಟ್‌ನ ಚಿತ್ರದಿಂದಲೇ ಗುರುತು ಸಿಕ್ಕಿ ಸಿಕ್ಕಿಬಿದ್ದ, 1878ರಲ್ಲಿ ಜೈಲಿನಲ್ಲೇ ಸತ್ತ.

ಸರಿ, ನಮ್ಮ ಗುಡ್ಡಕ್ಕೆ ವಾಪಸ್ ಬರೋಣ. ಅದಿರು ಕದಿಯೋದು ಅಂದ್ರೆ ಏನು? ಜೇಬಿಗೆ ಹಾಕಿಕೊಂಡು ಹೋಗೋ ವಸ್ತುವಾ ಅದು? ಇಲ್ಲ. ಗುಡ್ಡ ಒಡೀಬೇಕು, ಲಾರಿಗೆ ತುಂಬಬೇಕು, ನೂರಾರು ಕಿಲೋಮೀಟರ್ ಹೋಗಬೇಕು, ಬಂದರಿನಲ್ಲಿ ರಾಶಿ ಹಾಕಬೇಕು, ಹಡಗಿಗೆ ಏರಿಸಬೇಕು. ಪ್ರತಿ ಹಂತಕ್ಕೂ ಒಂದು ಕಾಗದ ಬೇಕು. ಗಣಿ ಇಲಾಖೆಯ ಸಾಗಣೆ ಪರವಾನಗಿ, ಅರಣ್ಯ ಇಲಾಖೆಯ ಪಾಸು, ಚೆಕ್‌ಪೋಸ್ಟಿನ ಮುದ್ರೆ, ತೂಕದ ಚೀಟಿ, ಬಂದರಿನ ರಸೀದಿ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತರೋ ರೈತನನ್ನು ಕೇಳಿ. ಗಾಡಿ ವೇಬ್ರಿಡ್ಜ್ ಹತ್ತದೆ, ಚೀಟಿ ಕೈಗೆ ಬಾರದೆ ಒಂದು ಕಾಳೂ ಆಚೀಚೆ ಆಗಲ್ಲ. ಅಂಥಾದ್ರಲ್ಲಿ ಗುಡ್ಡಗಳೇ ಹೇಗೆ ಕಾಣೆಯಾದವು?

ಲೋಕಾಯುಕ್ತರ ತನಿಖೆಯಲ್ಲಿ ಉತ್ತರ ಸಿಕ್ಕಿತು. ಪರವಾನಗಿಗಿಂತ ಹೆಚ್ಚು ಭಾರ ತುಂಬೋದು. ಪರವಾನಗಿಯೇ ಇಲ್ಲದೆ ಸಾಗಿಸೋದು. ಇವೆಲ್ಲದರ ಮೇಲೆ 'ಝೀರೋ ರಿಸ್ಕ್' ಅಂತ ಒಂದು ವ್ಯವಸ್ಥೆ. ಹೆಸರು ನೋಡಿ, ಇನ್ಶೂರೆನ್ಸ್ ಪಾಲಿಸಿ ಇದ್ದ ಹಾಗಿದೆ! ನಿಗದಿ ದುಡ್ಡು ಕೊಟ್ಟರೆ ನಿಮ್ಮ ಲಾರಿಯನ್ನು ಗಣಿಯಿಂದ ಬಂದರಿನವರೆಗೆ ಯಾರೂ ತಡೆಯಲ್ಲ. ಇದಕ್ಕೆ ಏನು ಬೇಕು? ಚೆಕ್‌ಪೋಸ್ಟಿನಲ್ಲಿ ಇರೋನು ಕಣ್ಣು ಮುಚ್ಚಬೇಕು. ಅವನ ಮೇಲಿನೋನು ಕೇಳಬಾರದು. ಕೇಳೋನು ಬಂದರೆ ವರ್ಗ ಆಗಬೇಕು. ಬಾಸ್ ಅನ್ನೋನ ನಿಜವಾದ ಬಂಡವಾಳ ದುಡ್ಡಲ್ಲ ವೀಕ್ಷಕರೇ, ವರ್ಗಾವಣೆ. ಯಾವ ಕುರ್ಚಿಗೆ ಯಾರು ಬರಬೇಕು ಅನ್ನೋದು ಕೈಯಲ್ಲಿದ್ದರೆ ಬೀಗ ಒಡೆಯೋ ಕೆಲಸವೇ ಇಲ್ಲ. ಬೀಗ ಹಾಕೋನೇ ನಿಮ್ಮವನು.

ಇನ್ನು ಗಡಿ. ಜನಾರ್ದನ ರೆಡ್ಡಿ ಅವರ ಓಬಳಾಪುರಂ ಮೈನಿಂಗ್ ಕಂಪನಿಯ ಗುತ್ತಿಗೆ ಇದ್ದದ್ದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡು. ಗಡಿಗುರುತುಗಳನ್ನೇ ಅಳಿಸಿ, ಗುತ್ತಿಗೆಯ ಆಚೆಗೂ ಅದಿರು ತೆಗೆದರು ಅನ್ನೋದು ಸಿಬಿಐ ಆರೋಪ. ಗಡಿಯಲ್ಲೊಂದು ಹಳೇ ಗುಡಿ ಇತ್ತು, ಸುಗ್ಗಲಮ್ಮ ದೇವಿಯದ್ದು. ಗಡಿ ಎಲ್ಲಿ ಅನ್ನೋದಕ್ಕೆ ಅದೇ ಒಂದು ಸಾಕ್ಷಿ. 2006ರಲ್ಲಿ ಆ ಗುಡಿಯೂ ನೆಲಸಮ ಆಯ್ತು. ತಿಮ್ಮಪ್ಪನಿಗೆ ವಜ್ರದ ಕಿರೀಟ ಹೋದ ಅದೇ ಸೀಮೆಯಲ್ಲಿ ಊರಮ್ಮನಿಗೆ ಚಾವಣಿ ಉಳಿಯಲಿಲ್ಲ.

ಹಾಗಾದರೆ ಲೆಕ್ಕದ ಇನ್ನರ್ಧ ಹಾಳೆ ಬರೆದವರು ಯಾರು? ಹೆಸರು ಹೇಳಲೇಬೇಕು, ಯಾಕಂದ್ರೆ ಇವರ ಕಟೌಟ್ ಯಾವ ಸರ್ಕಲ್‌ನಲ್ಲೂ ಇಲ್ಲ. ತುಮಟಿಯ ಗಣಿ ಮಾಲೀಕ ತಪಾಲ್ ಗಣೇಶ್, ಗಡಿ ಒತ್ತುವರಿ ಬಗ್ಗೆ ದೂರು ಕೊಟ್ಟು ವರ್ಷಗಟ್ಟಲೆ ಅಲೆದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್, ಲೋಕಾಯುಕ್ತರ ತನಿಖಾ ತಂಡ ಕಟ್ಟಿಕೊಂಡು ಪರವಾನಗಿ, ಬಂದರು, ಬ್ಯಾಂಕ್ ದಾಖಲೆಗಳನ್ನು ಒಂದಕ್ಕೊಂದು ತಾಳೆ ಹಾಕಿದರು. ಕಾರವಾರದ ಅರಣ್ಯ ಅಧಿಕಾರಿ ಆರ್. ಗೋಕುಲ್, 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ರಾಶಿ ಬಿದ್ದಿದ್ದ ಅದಿರನ್ನು ಜಪ್ತಿ ಮಾಡಿದರು. ಜಪ್ತಿಯಾದ ಅದಿರಿನಲ್ಲಿ 5 ಲಕ್ಷ ಟನ್ನಿಗೂ ಹೆಚ್ಚು ಕಣ್ಮರೆ ಆಯ್ತು. ಕಳ್ಳತನವಾದ ಮಾಲಿನ ಮೇಲೆ ಸರ್ಕಾರದ ಮೊಹರು ಬಿದ್ದ ಮೇಲೆ ಮತ್ತೆ ಅದೇ ಮಾಲಿನ ಕಳ್ಳತನ! ಅಮಾನತಿನ ಆದೇಶ ಯಾರಿಗೆ ಹೋಯ್ತು ಗೊತ್ತಾ? ಗೋಕುಲ್ ಅವರಿಗೆ. ಇದನ್ನು ಸಹಿಸದೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿರಿಯರ ಒತ್ತಾಯಕ್ಕೆ ವಾಪಸ್ ತಗೊಂಡರು. ವಾಪಸ್ ತಗೊಂಡಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಮುಂದಿನ ವರದಿ ಹೀಗೆ ಬರ್ತಿತ್ತೋ ಇಲ್ವೋ.

2011ರ ಜುಲೈ 27. ಲೋಕಾಯುಕ್ತರ ಅಂತಿಮ ವರದಿ. ಅನುಬಂಧಗಳೂ ಸೇರಿ 25,228 ಪುಟ. 2006ರಿಂದ 2010ರ ನಡುವೆ ಅಕ್ರಮವಾಗಿ ರಫ್ತಾದ ಅದಿರು 2 ಕೋಟಿ 98 ಲಕ್ಷ ಟನ್, ಬೆಲೆ 12,228 ಕೋಟಿ ರೂಪಾಯಿ. ರಾಜ್ಯದ ಬೊಕ್ಕಸಕ್ಕೆ ಒಟ್ಟು ನಷ್ಟ 16,085 ಕೋಟಿ. ಇದೆಲ್ಲಾ ಒಬ್ಬ ಜನಾರ್ದನ ರೆಡ್ಡಿ ಮಾಡಿದ್ದು ಅಂತ ವರದಿ ಹೇಳಲಿಲ್ಲ, ನಾನೂ ಹೇಳ್ತಿಲ್ಲ. ಅದರಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರ ಹೆಸರಿತ್ತು, ಬೇರೆ ಪಕ್ಷದವರ ಕಂಪನಿಗಳಿದ್ದವು, ನೂರಾರು ಅಧಿಕಾರಿಗಳಿದ್ದರು. ಆದರೆ ಆ ವ್ಯವಸ್ಥೆಯ ನಡುವೆ ಬಳ್ಳಾರಿಯ ಬಳಗ ನಿಂತಿತ್ತು ಅನ್ನೋದನ್ನು ವರದಿ ಮುಚ್ಚಿಡಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. 2 ಕೋಟಿ 98 ಲಕ್ಷ ಟನ್ ಅಂತ ಬರೆದರೆ ಕಣ್ಣಿಗೆ ಏನೂ ಕಾಣಲ್ಲ. ಒಂದು ಲಾರಿಗೆ 16 ಟನ್ ಅಂತ ಇಟ್ಟುಕೊಳ್ಳಿ. 18 ಲಕ್ಷ 60 ಸಾವಿರ ಲೋಡ್ ಆಗುತ್ತೆ. ಒಂದು ಲಾರಿಯ ಉದ್ದ 8 ಮೀಟರ್ ಅಂದುಕೊಂಡು ಒಂದರ ಹಿಂದೆ ಒಂದು ನಿಲ್ಲಿಸಿ. ಸುಮಾರು 15 ಸಾವಿರ ಕಿಲೋಮೀಟರ್ ಸಾಲು. ಕಾಶ್ಮೀರದಿಂದ ಕನ್ಯಾಕುಮಾರಿವರೆಗಿನ ಹೆದ್ದಾರಿಯ ನಾಲ್ಕೂ ಲೇನ್‌ನಲ್ಲಿ ಲಾರಿಗೆ ಲಾರಿ ಅಂಟಿಸಿ ನಿಲ್ಲಿಸಿದ ಹಾಗೆ. ಇಷ್ಟು ಲಾರಿ ಯಾರ ಕಣ್ಣಿಗೂ ಬೀಳಲಿಲ್ಲ ಅಂದ್ರೆ ನಂಬೋಕಾಗುತ್ತಾ?

ಈಗ ದುಡ್ಡಿನ ಲೆಕ್ಕ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. 16,085 ಕೋಟಿಯನ್ನು ಹಂಚಿದರೆ ತಲೆಗೆ 2,600 ರೂಪಾಯಿ ಮೇಲೆ. ಐದು ಜನರ ಸಂಸಾರಕ್ಕೆ 13 ಸಾವಿರ. ಹಸುಗೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿವರೆಗೆ ಎಲ್ಲರ ಪಾಲು ಅದು. ಬಳ್ಳಾರಿಯವರದ್ದಷ್ಟೇ ಅಲ್ಲ, ಆವರಗೆರೆಯಲ್ಲಿ ಬಾಡಿಗೆ ಮನೆಯಲ್ಲಿರೋ ಕೂಲಿಯವರದ್ದೂ. ಸಾಮೂಹಿಕ ವಿವಾಹದ ಸೀರೆ, ಊಟ, ತಾಳಿಯ ಪಕ್ಕದಲ್ಲಿ ಈ 13 ಸಾವಿರ ಇಟ್ಟು ನೋಡಿ. ನಮ್ಮ ಹಿರಿಯರು ಹೇಳ್ತಿದ್ರಲ್ಲ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ. ಇಲ್ಲಿ ಜಾತ್ರೆಗೆ ಬಂದು ಕೈ ಮುಗಿದವರದ್ದೇ ದುಡ್ಡು!

ವರದಿ ಬಂದ ಎರಡೇ ದಿನಕ್ಕೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಜುಲೈ 31ಕ್ಕೆ ಯಡಿಯೂರಪ್ಪ ರಾಜೀನಾಮೆ. ಸೆಪ್ಟೆಂಬರ್ 5ರ ಬೆಳಗ್ಗೆ ಹೈದರಾಬಾದಿನ ಸಿಬಿಐ ತಂಡ ಬಳ್ಳಾರಿಗೆ ಬಂದು ಜನಾರ್ದನ ರೆಡ್ಡಿ ಅವರನ್ನು ಬಂಧಿಸಿ ಚಂಚಲಗುಡ ಜೈಲಿಗೆ ಕರೆದೊಯ್ದಿತು. ಕಥೆ ಮುಗೀತು ಅಂತ ಎಲ್ಲರೂ ಬರೆದರು.

ಮುಗಿದಿರಲಿಲ್ಲ. ನ್ಯೂಯಾರ್ಕಿನ ಟ್ವೀಡ್ ನೆನಪಿದೆಯಲ್ಲ? ಅದೇ ವರ್ಷ ನವೆಂಬರ್ 30ಕ್ಕೆ ಬಳ್ಳಾರಿ ಗ್ರಾಮಾಂತರದ ಉಪಚುನಾವಣೆ. ಶ್ರೀರಾಮುಲು ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತರು. ಅವರ ಆಪ್ತಮಿತ್ರ ಜೈಲಿನಲ್ಲಿ. ಲೋಕಾಯುಕ್ತ ವರದಿ ಪ್ರತಿ ಮನೆಯ ಟಿವಿಯಲ್ಲಿ. ಫಲಿತಾಂಶ? ಶ್ರೀರಾಮುಲು 46 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನ್ಯೂಯಾರ್ಕಿನಲ್ಲಿ ನಾಲ್ಕು ತಿಂಗಳು, ಬಳ್ಳಾರಿಯಲ್ಲೂ ನಾಲ್ಕೇ ತಿಂಗಳು. 25,228 ಪುಟ ಒಂದು ಕಡೆ, ಮದುವೆ ಮಂಟಪದ ನೆನಪು ಇನ್ನೊಂದು ಕಡೆ. ತಕ್ಕಡಿ ಮಂಟಪದ ಕಡೆಗೇ ಬಾಗಿತು.

ಆಮೇಲಿನದ್ದನ್ನು ಬೇಗ ಹೇಳ್ತೀನಿ. 2012ರಲ್ಲಿ ಜನಾರ್ದನ ರೆಡ್ಡಿ ಅವರಿಗೆ ಜಾಮೀನು ಕೊಟ್ಟ ಸಿಬಿಐ ವಿಶೇಷ ನ್ಯಾಯಾಧೀಶರೇ ಲಂಚದ ಆರೋಪದಲ್ಲಿ ಅಮಾನತಾದರು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು, ಬಳ್ಳಾರಿಗೆ ಕಾಲಿಡಬಾರದು ಅನ್ನೋ ಷರತ್ತಿನ ಮೇಲೆ. 2016ರ ನವೆಂಬರ್ 8ಕ್ಕೆ ನೋಟು ರದ್ದಾಯ್ತು. ಎಂಟು ದಿನದ ನಂತರ, ನಾವು ನೀವೆಲ್ಲ ಬ್ಯಾಂಕ್ ಮುಂದೆ ಕ್ಯೂ ನಿಂತಿದ್ದಾಗ, ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯನಗರದ ವೈಭವ ನೆನಪಿಸೋ ಸೆಟ್ ಹಾಕಿ ಅವರ ಮಗಳ ಮದುವೆ ನಡೆಯಿತು. ದೇಶದ ಕ್ಯಾಮೆರಾಗಳೆಲ್ಲ ಅಲ್ಲಿದ್ದವು. 2022ರಲ್ಲಿ ಸ್ವಂತ ಪಕ್ಷ ಕಟ್ಟಿದರು. 2023ರಲ್ಲಿ ಗಂಗಾವತಿಯಿಂದ ಶಾಸಕರಾದರು. 2024ರ ಮಾರ್ಚ್‌ನಲ್ಲಿ ಮತ್ತೆ ಬಿಜೆಪಿ. ಅದೇ ವರ್ಷ ಸುಪ್ರೀಂ ಕೋರ್ಟ್ ಷರತ್ತು ಸಡಿಲಿಸಿತು, ಬಳ್ಳಾರಿಗೆ ಅವರು ಮೆರವಣಿಗೆಯಲ್ಲೇ ಬಂದರು.

2025ರ ಮೇ 6. ಬಂಧನವಾಗಿ 13 ವರ್ಷ 8 ತಿಂಗಳ ನಂತರ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಪ್ರಕರಣದಲ್ಲಿ ಅವರನ್ನು ತಪ್ಪಿತಸ್ಥ ಅಂತ ಹೇಳಿ 7 ವರ್ಷ ಶಿಕ್ಷೆ ಕೊಟ್ಟಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಅವರು ಆರೋಪಗಳನ್ನು ಮೊದಲಿಂದಲೂ ಅಲ್ಲಗಳೆದಿದ್ದಾರೆ. ಮೇಲ್ಮನವಿಯ ಕೊನೆ ಮಾತು ಹೇಳೋದು ನ್ಯಾಯಾಲಯ, ನಾನಲ್ಲ, ನೀವಲ್ಲ. ಟ್ವೀಡ್‌ಗೆ ಲೆಕ್ಕ ಬಯಲಾದ ಎರಡೂಕಾಲು ವರ್ಷಕ್ಕೆ ಶಿಕ್ಷೆ ಆಯ್ತು. ಅದೂ ಕುದುರೆಗಾಡಿ ಕಾಲದಲ್ಲಿ.

ಕೆಲವರು ಕೇಳ್ತಾರೆ: ಹಾಗಾದರೆ ಜನ ಯಾರನ್ನೂ ನಂಬಬಾರದಾ? ಒಬ್ಬ ನಾಯಕನ ಹಿಂದೆ ನಿಲ್ಲೋದೇ ತಪ್ಪಾ? ತಪ್ಪಲ್ಲ. ದಾವಣಗೆರೆಯಲ್ಲೇ ಉದಾಹರಣೆ ಇದೆ. ಗಿರಣಿ ಕಾರ್ಮಿಕರ ನಾಯಕ ಕಾಮ್ರೇಡ್ ಪಂಪಾಪತಿ ಅವರನ್ನು ಇದೇ ಊರಿನ ಜನ 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದರು. ಅಲ್ಲೂ ಅಭಿಮಾನ ಇತ್ತು, ಜೈಕಾರ ಇತ್ತು. ಆದರೆ ಆ ರಾಜಕಾರಣ ಕಾರ್ಮಿಕನಿಗೆ 'ಇದು ನಿನ್ನ ಹಕ್ಕು, ಕೇಳು' ಅಂತ ಕಲಿಸಿತು. ಧಣಿಯ ರಾಜಕಾರಣ 'ಇದು ನನ್ನ ಉಪಕಾರ, ನೆನಪಿಟ್ಟುಕೋ' ಅಂತ ಹೇಳಿತು. ಹಕ್ಕು ಕೇಳೋನು ರಸೀದಿ ಕೇಳ್ತಾನೆ. ಉಪಕಾರ ಪಡೆದೋನು ರಸೀದಿ ಕೇಳೋಕೆ ನಾಚ್ಕೋತಾನೆ. ಅಲ್ಲೇ ಇರೋದು ವ್ಯತ್ಯಾಸ.

ಹಾಗಂತ ತಪ್ಪನ್ನೆಲ್ಲ ಆ ಮದುವೆ ಮಂಟಪದ ಅಪ್ಪನ ತಲೆಗೆ ಕಟ್ಟೋಕೆ ನಾನು ತಯಾರಿಲ್ಲ. ಮಗಳ ಮದುವೆಗೆ, ಹೆಂಡತಿಯ ಆಪರೇಷನ್‌ಗೆ, ಮಗನ ಕಾಲೇಜು ಫೀಸಿಗೆ ಸರ್ಕಾರದ ಬಾಗಿಲು ತೆರೆದಿದ್ದರೆ ಅವನು ಧಣಿಯ ಬಾಗಿಲಿಗೆ ಯಾಕೆ ಹೋಗ್ತಿದ್ದ? ಎಲ್ಲಿ ಸರ್ಕಾರಿ ಕಚೇರಿಯಲ್ಲಿ ಹತ್ತು ಸಲ ಅಲೆದರೂ ಕೆಲಸ ಆಗಲ್ವೋ, ಅಲ್ಲಿ ಒಂದು ಫೋನಿನಲ್ಲಿ ಕೆಲಸ ಮಾಡಿಸಿಕೊಡೋ ಬಾಸ್ ಹುಟ್ಟೇ ಹುಟ್ತಾನೆ. ಇವತ್ತು ಬಳ್ಳಾರಿ, ನಾಳೆ ಯಾವ ಊರು ಬೇಕಾದರೂ ಆಗಬಹುದು. ಅವನ ಕೈಯಲ್ಲಿ ಅದಿರೇ ಇರಬೇಕು ಅಂತಿಲ್ಲ. ಮರಳು ಇರಬಹುದು, ಸೈಟು ಇರಬಹುದು, ಚರಂಡಿ ಕಾಮಗಾರಿಯ ಗುತ್ತಿಗೆ ಇರಬಹುದು.

ಅದಕ್ಕೆ ಈ ಇತಿಹಾಸದಿಂದ ನಾವು ತಗೊಳ್ಳಬೇಕಾದ್ದು ದೊಡ್ಡ ಉಪದೇಶ ಅಲ್ಲ, ಒಂದು ಸಣ್ಣ ಅಭ್ಯಾಸ. ನಿಮ್ಮ ವಾರ್ಡಿನ ರಸ್ತೆಗೆ ಡಾಂಬರು ಬಿತ್ತಾ? ಬಿಲ್ ಎಷ್ಟಾಯ್ತು, ಎಷ್ಟು ಉದ್ದ, ಎಷ್ಟು ದಪ್ಪ, ಅಳತೆ ಪುಸ್ತಕದಲ್ಲಿ ಯಾರ ಸಹಿ ಇದೆ, ಕೇಳಿ. 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ. ಮುಂದಿನ ಸಲ ಯಾರಾದರೂ ದೊಡ್ಡ ಕೈ ನಿಮ್ಮ ಓಣಿಗೆ ಬಂದು ಸೀರೆ, ಕುಕ್ಕರ್ ಹಂಚಿದರೆ ತಗೊಳ್ಳಿ, ಬೇಡ ಅನ್ನಲ್ಲ. ತಗೊಂಡು ಮರುದಿನ ಪಾಲಿಕೆಗೆ ಹೋಗಿ ಆ ಅರ್ಜಿ ಹಾಕಿ. ಮೆಕ್ಕೆಜೋಳ ಮಾರೋ ರೈತ ತೂಕದ ಚೀಟಿ ಕೈಗೆ ಬರೋವರೆಗೂ ಮಂಡಿ ಬಿಟ್ಟು ಕದಲಲ್ಲ. ಅವನನ್ನು ಯಾರೂ ಕೃತಘ್ನ ಅಂತ ಕರೆದಿಲ್ಲ.